ಫಿಯಟ್ ಪದ್ಮಿನಿ: ಹೊಸ ಡೋರ್ ಪ್ಯಾಡ್ ಎರಡೇ ವರ್ಷಕ್ಕೆ ಮತ್ತೆ ಉಬ್ಬಿದೆ, ಏನು ಮಾಡೋದು?

ಪದ್ಮಿನಿ84_ದಾವಣಗೆರೆ
ಭಾನುವಾರ, ಬೆಳಗ್ಗೆ 8:15

ಎಲ್ಲರಿಗೂ ನಮಸ್ಕಾರ. ನನ್ನದು 1984ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಎಲ್ಲರೂ ಫಿಯಟ್ ಅಂತಲೇ ಕರೆಯುತ್ತೇವೆ. ಕೆನೆ ಬಣ್ಣ, ಒಳಗೆ ಕಂದು ರೆಗ್ಜಿನ್. ಭಾನುವಾರ ಭಾನುವಾರ ಹರಿಹರದ ತನಕ ಹೋಗಿ, ಹೊಳೆ ನೋಡಿಕೊಂಡು ಬರುತ್ತೇನೆ. ಎಂಜಿನ್ ಚೆನ್ನಾಗಿದೆ, ಸ್ಟೇರಿಂಗ್ ಪಕ್ಕದ ಗೇರೂ ಸಲೀಸಾಗಿ ಬೀಳುತ್ತೆ. ತೊಂದರೆ ಇರೋದು ಬಾಗಿಲಿನ ಒಳಗಡೆ.

ಎರಡು ವರ್ಷದ ಹಿಂದೆ ನಾಲ್ಕೂ ಬಾಗಿಲಿಗೆ ಹೊಸ ಡೋರ್ ಪ್ಯಾಡ್ ಮಾಡಿಸಿದ್ದೆ. ಹಾರ್ಡ್‌ಬೋರ್ಡ್, ಮೇಲೆ ತೆಳು ಫೋಮ್, ಅದರ ಮೇಲೆ ರೆಗ್ಜಿನ್. ಕೆಲಸ ನೋಡೋಕೆ ತುಂಬಾ ಚೆನ್ನಾಗಿತ್ತು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಈ ಸಲ ಹಸ್ತ ಮಳೆ ಮುಗಿಯೋ ಹೊತ್ತಿಗೆ ಡ್ರೈವರ್ ಕಡೆಯ ಪ್ಯಾಡ್ ಕೆಳಗಡೆ ಉಬ್ಬಿ, ಬಾಗಿಲಿನಿಂದ ಎರಡು ಬೆರಳು ಈಚೆ ಬಂದಿದೆ. ಎಡಗಡೆ ಮುಂದಿನದೂ ಅದೇ ದಾರಿ ಹಿಡಿದಿದೆ. ಹಿಂದಿನ ಎರಡು ಪರವಾಗಿಲ್ಲ.

ನಿನ್ನೆ ಅಂಚು ಹಿಡಿದು ಸ್ವಲ್ಪ ಎಳೆದೆ. ಒಂದು ತುಂಡು ಕೈಗೇ ಬಂತು. ನೆನೆಸಿದ ಮಂಡಕ್ಕಿ ಹಿಂಡಿದ ಹಾಗೆ ಬೆರಳ ನಡುವೆ ಪುಡಿಯಾಯಿತು. ಒಳಗೆ ಕೂತರೆ ಮುಗ್ಗಲು ವಾಸನೆ.

ಗಾಜು ಇಳಿಸಿ ಮಳೆಯಲ್ಲಿ ನಿಲ್ಲಿಸಿದ್ದೇ ಇಲ್ಲ. ಹಾಗಿದ್ದರೆ ನೀರು ಬರೋದು ಎಲ್ಲಿಂದ? ಈ ಸಲ ಹಾರ್ಡ್‌ಬೋರ್ಡ್ ಬಿಟ್ಟು ಬೇರೆ ಏನಾದರೂ ಹಾಕಿಸಲಾ? ಗಾಡಿ ಬರೋದು ನಿಂತು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಕಂಪನಿ ಪ್ಯಾಡ್ ಸಿಗೋ ಆಸೆ ಇಲ್ಲ. ಮಾಡಿಸೋದೇ ಗತಿ. ಮಾಡಿಸಿದ್ದು ಉಳಿಯಬೇಕು, ಅಷ್ಟೇ ನನ್ನ ಆಸೆ.

ಜೀಪು_ತೀರ್ಥಹಳ್ಳಿ
ಭಾನುವಾರ, ಬೆಳಗ್ಗೆ 9:02

ಪಿವಿಸಿ ಫೋಮ್ ಶೀಟ್ ಹಾಕಿಸಿ ಅಣ್ಣ. ಬೋರ್ಡು ಬರೆಯೋರ ಹತ್ತಿರ ಸಿಗುತ್ತಲ್ಲ, ಬಿಳಿ ಹಲಗೆ, ಅದೇ. ನಮ್ಮ ಕಡೆ ಮಳೆಗೂ ಏನೂ ಆಗಲ್ಲ.

ಕುಷನ್_ಕೆಲಸ
ಭಾನುವಾರ, ಬೆಳಗ್ಗೆ 10:30

ನಾನು ದಾವಣಗೆರೆಯಲ್ಲೇ ಸೀಟ್ ಕವರ್, ಟಾಪ್, ಡೋರ್ ಪ್ಯಾಡ್ ಕೆಲಸ ಮಾಡೋನು. ತೀರ್ಥಹಳ್ಳಿ ಅಣ್ಣ ಹೇಳಿದ್ದು ಮಳೆಗೆ ಸರಿ. ಆದರೆ ನಮ್ಮೂರ ಏಪ್ರಿಲ್ ಬಿಸಿಲಿಗೆ ಗಾಜು ಏರಿಸಿದ ಕಾರಿನೊಳಗೆ ಆ ಶೀಟು ಮೆತ್ತಗಾಗಿ ಬಾಗುತ್ತೆ. ರೆಗ್ಜಿನ್ ಎಳೆತಕ್ಕೆ ದೋಣಿ ಆಕಾರ ಬಂದು, ಕ್ಲಿಪ್ ಇರೋ ಕಡೆ ಮಾತ್ರ ಕಚ್ಚಿಕೊಂಡು ನಡುವೆ ಬಿಟ್ಟುಕೊಳ್ಳುತ್ತೆ. ಎರಡು ಗಾಡಿಯಲ್ಲಿ ಮಾಡಿ ನೋಡಿ, ಎರಡನ್ನೂ ನನ್ನ ಕೈಯಿಂದಲೇ ಬದಲಾಯಿಸಿಕೊಟ್ಟಿದ್ದೇನೆ.

ಹಾರ್ಡ್‌ಬೋರ್ಡ್ ಕೆಟ್ಟದ್ದಲ್ಲ. ಗಾಡಿ ಬಂದಾಗ ಕಂಪನಿಯೂ ಅದನ್ನೇ ಹಾಕಿತ್ತು, ಬೇಕಾದಷ್ಟು ವರ್ಷ ಬಾಳಿತ್ತು ಅಲ್ವಾ? ಅದು ಮರದ ನಾರನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒಂದು ಸಲ ನೀರು ಕುಡಿದು ನಾರು ಉಬ್ಬಿದರೆ ಮತ್ತೆ ಕೂರಲ್ಲ. ಒಣಗಿಸಿ, ಮೇಲೆ ಭಾರ ಇಟ್ಟು ನೋಡಿದರೂ ಸುಖವಿಲ್ಲ. ಸಾರ್, ಒಂದು ಕೇಳ್ತೀನಿ. ಪ್ಯಾಡ್ ಬಿಚ್ಚಿದಾಗ ಹಿಂದೆ ಪ್ಲಾಸ್ಟಿಕ್ ಹಾಳೆ ಇತ್ತಾ?

ಪದ್ಮಿನಿ84_ದಾವಣಗೆರೆ
ಭಾನುವಾರ, ಬೆಳಗ್ಗೆ 11:10

ಪ್ಲಾಸ್ಟಿಕ್ ಹಾಳೆನಾ? ಇರಲಿಲ್ಲ ಅಣ್ಣ. ಪೂರ್ತಿ ಬಿಚ್ಚಿಲ್ಲ, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದೆ. ನೇರ ಬಾಗಿಲಿನ ತಗಡು ಕಾಣುತ್ತೆ.

ಹರಿಹರದ_ಫಿಟ್ಟರ್
ಭಾನುವಾರ, ಮಧ್ಯಾಹ್ನ 1:45

ಹಾಗಾದರೆ ಮೂಲ ಸಿಕ್ಕಿತು. ಕುಷನ್ ಅವರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದನ್ನು ಅರ್ಥ ಮಾಡಿಕೊಳ್ಳದೆ ಎಷ್ಟು ಜನ ಪ್ಯಾಡಿನ ಮೇಲೆ ಪ್ಯಾಡ್ ಹಾಕಿಸುತ್ತಾ ಹೋಗಿದ್ದಾರೆ ಅಂತ ನೋಡಿದ್ದೇನೆ.

ಬಾಗಿಲಿನೊಳಗೆ ನೀರು ಬರುವುದು ತಪ್ಪಲ್ಲ. ಬಾಗಿಲನ್ನು ಮಾಡಿರುವುದೇ ಹಾಗೆ. ಮಳೆ ಗಾಜಿನ ಮೇಲೆ ಬೀಳುತ್ತೆ, ಗಾಜಿನ ಗುಂಟ ಇಳಿಯುತ್ತೆ. ಹೊರಗಿನ ಬೀಡಿಂಗ್, ಅಂದರೆ ಗಾಜಿನ ಬುಡಕ್ಕೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿ, ಅದರಲ್ಲಿ ಹೆಚ್ಚಿನದನ್ನು ತಡೆಯುತ್ತೆ. ಉಳಿದದ್ದು ಬಾಗಿಲಿನ ಹೊಟ್ಟೆಗೆ ಇಳಿಯುತ್ತೆ. ಬೀಡಿಂಗ್ ಹಳೆಯದಾಗಿ ಗಟ್ಟಿಯಾಗಿದ್ದರೆ ಇನ್ನೂ ಜಾಸ್ತಿ. ಹೀಗೆ ಇಳಿದ ನೀರು ಹೊರಗೆ ಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ತೂತು ಕೊಟ್ಟಿರುತ್ತಾರೆ. ಒಳಗೆ ಸಿಡಿಯುವ ಹನಿ, ಬೆಳಗಿನ ಹೊತ್ತು ತಗಡಿನ ಮೇಲೆ ಕೂರುವ ಬೆವರು, ಇವು ಹಲಗೆಗೆ ತಾಗದಿರಲಿ ಅಂತ ತಗಡಿಗೂ ಹಲಗೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು.

ಯಾವುದೋ ಕಾಲದಲ್ಲಿ ಗಾಜು ಏರಿಸುವ ಮೆಷಿನ್ ಕೆಟ್ಟಿರುತ್ತೆ. ರಿಪೇರಿ ಮಾಡಿದವರು ಆ ಹಾಳೆ ಹರಿದು ಎಸೆದಿರುತ್ತಾರೆ. ಪ್ಯಾಡ್ ಹಾಕಿದರೆ ಕಾಣುವುದಿಲ್ಲವಲ್ಲ. ಅಲ್ಲಿಂದ ಹಲಗೆಯ ದಿನ ಎಣಿಸಬೇಕು.

ಪ್ಯಾಡ್ ಯಾವುದರಲ್ಲಿ ಮಾಡಿಸೋದು ಅನ್ನುವುದು ಆಮೇಲಿನ ಮಾತು. ಮೊದಲು ಪ್ಯಾಡ್ ಪೂರ್ತಿ ಬಿಚ್ಚಿ, ಗಾಜು ಏರಿಸಿ, ಒಂದು ಚೊಂಬು ನೀರನ್ನು ಹೊರಗಿನಿಂದ ಗಾಜಿನ ಮೇಲೆ ನಿಧಾನಕ್ಕೆ ಸುರಿಯಿರಿ. ಒಬ್ಬರು ಒಳಗೆ ಕೂತು ಟಾರ್ಚ್ ಹಿಡಿದು ನೋಡಲಿ. ಮುಂದಿನ ಬಾಗಿಲಿನ ಮೂಲೆಯಲ್ಲಿ ತ್ರಿಕೋನ ಗಾಜು ಇದೆಯಲ್ಲ, ಅದರ ರಬ್ಬರಿನ ಮೇಲೂ ಬೇರೆಯಾಗಿ ಸುರಿಯಿರಿ. ನಿಮ್ಮ ಮುಂದಿನ ಎರಡೇ ಪ್ಯಾಡ್ ಹೋಗಿವೆ ಅಂದರೆ ಅದರ ಮೇಲೂ ಅನುಮಾನ ಇದೆ. ಎಷ್ಟು ನೀರು ಸುರಿದಿರಿ, ಕೆಳಗಿನ ತೂತಿನಿಂದ ಎಷ್ಟು ಹೊರಬಂತು, ಎರಡನ್ನೂ ಗಮನಿಸಿ.

ದುರ್ಗದ_ಅಂಬಾಸಿಡರ್
ಭಾನುವಾರ, ಸಂಜೆ 5:20

ನಾನು ಚಿತ್ರದುರ್ಗದಿಂದ. ನಮ್ಮಜ್ಜನ ಅಂಬಾಸಿಡರ್ ಈಗ ನನ್ನ ಹತ್ತಿರ ಇದೆ. ನಮ್ಮದೂ ಇದೇ ಕಥೆ, ಆದರೆ ಹಿಂದಿನ ಬಾಗಿಲು. ಫಿಟ್ಟರ್ ಸಾರ್ ಬರೆದದ್ದು ಓದಿ ಈಗಲೇ ಹೋಗಿ ನೋಡಿ ಬಂದೆ. ನಮ್ಮಲ್ಲೂ ಹಾಳೆ ಇಲ್ಲ! ಅರ್ಧ ಮೂಲೆಯಲ್ಲಿ ಹಳೆಯ ಟಾರು ಅಂಟು ಮಾತ್ರ ಕಪ್ಪಗೆ ಉಳಿದಿದೆ.

ಹ್ಯಾಂಡಲ್ ಬಿಚ್ಚೋಕೆ ಒದ್ದಾಡುವವರಿಗೆ ಒಂದು ಮಾತು. ನಮ್ಮ ಗಾಡಿಯಲ್ಲಿ ಗಾಜಿನ ಹ್ಯಾಂಡಲ್ ಹಿಂದೆ ಒಂದು ಬಿಲ್ಲೆ ಇದೆ. ಅದನ್ನು ಪ್ಯಾಡಿನ ಕಡೆಗೆ ಜೋರಾಗಿ ಒತ್ತಿ ಹಿಡಿದರೆ ಹ್ಯಾಂಡಲಿನ ಕತ್ತಿನಲ್ಲಿ ಸಣ್ಣ ಪಿನ್ ಕಾಣುತ್ತೆ. ಮೊಳೆಯಿಂದ ಅದನ್ನು ಆ ಕಡೆ ತಳ್ಳಿದರೆ ಸಾಕು. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ನಾನು ಹಾಗೆ ಮಾಡಿ ಒಂದು ಬಿಲ್ಲೆ ಒಡೆದುಕೊಂಡೆ. ಆ ಪಿನ್ ಅಂತೂ ಅಕ್ಕಿಕಾಳಿನಷ್ಟೇ ಇರುತ್ತೆ, ಕೆಳಗೆ ಬಟ್ಟೆ ಹಾಸಿಕೊಂಡು ಕೂರಿ.

ಪದ್ಮಿನಿ84_ದಾವಣಗೆರೆ
ಸೋಮವಾರ, ರಾತ್ರಿ 9:40

ಮಾಡಿದೆ. ಏನು ಸಿಕ್ಕಿತು ಅಂತ ಹೇಳಲೇಬೇಕು.

ಪ್ಯಾಡ್ ಪೂರ್ತಿ ಬಿಚ್ಚಿದೆ. ಮಗ ಹೊರಗೆ ನಿಂತು ಚೊಂಬಿನಿಂದ ನೀರು ಸುರಿದ, ನಾನು ಒಳಗೆ ಟಾರ್ಚ್ ಹಿಡಿದು ಕೂತೆ. ಗಾಜಿನ ಗುಂಟ ನೀರು ಸೊಗಸಾಗಿ ಇಳಿಯಿತು. ಹೊರಗಿನ ಬೀಡಿಂಗ್ ಕಲ್ಲಿನ ಹಾಗೆ ಗಟ್ಟಿ, ಗಾಜಿಗೂ ಅದಕ್ಕೂ ನಡುವೆ ಹತ್ತು ರೂಪಾಯಿ ನಾಣ್ಯ ತೂರುವಷ್ಟು ಸಂದು. ನಾಲ್ಕು ಚೊಂಬು ಸುರಿದರೂ ಕೆಳಗಿನಿಂದ ಒಂದು ಹನಿ ಹೊರಗೆ ಬೀಳಲಿಲ್ಲ. ಬಾಗಿಲು ಆಡಿಸಿದರೆ ಒಳಗೆ ಕೊಡದಲ್ಲಿ ಅಲುಗಿದ ಹಾಗೆ ನೀರಿನ ಸದ್ದು.

ತಳದಲ್ಲಿ ತೂತು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಮೇಲಿನ ಕಿಂಡಿಯಿಂದ ಕೈ ಇಳಿಬಿಟ್ಟು ತಡಕಿದೆ. ಕಪ್ಪಗೆ ಮೆತ್ತನೆಯ ಕೆಸರು ಬಂತು. ಪೇಪರ್ ಮೇಲೆ ಹರಡಿ ನೋಡಿದರೆ ಅದು ಕೆಸರಲ್ಲ. ಕೊಳೆತ ಹೂವು! ಹೊಂಗೆ ಹೂವು. ಕೆಲವು ಎಸಳಿನಲ್ಲಿ ಇನ್ನೂ ತಿಳಿ ನೇರಳೆ ಬಣ್ಣ ಇತ್ತು. ಒಂದೇ ಬಾಗಿಲಿನಿಂದ ಎರಡು ಬೊಗಸೆ ತೆಗೆದೆ.

ನಮ್ಮ ಮನೆ ಮುಂದೆ ದೊಡ್ಡ ಹೊಂಗೆ ಮರ ಇದೆ. ಬೇಸಿಗೆಯಲ್ಲಿ ಅದರ ನೆರಳಿಗಿಂತ ತಂಪು ಇನ್ನೊಂದಿಲ್ಲ ಅಂತ ಗಾಡಿ ಅಲ್ಲೇ ನಿಲ್ಲಿಸುತ್ತೇನೆ. ಯುಗಾದಿ ಕಳೆದ ಮೇಲೆ ಆ ಮರದ ಹೂವು ಅವಲಕ್ಕಿ ಚೆಲ್ಲಿದ ಹಾಗೆ ಗಾಡಿ ಮೇಲೆ ಉದುರುತ್ತೆ. ಬೆಳಗ್ಗೆ ಗುಡಿಸಿ ಹಾಕುತ್ತಿದ್ದೆ. ಗಾಜಿನ ಸಂದಿನಲ್ಲಿ ಒಳಗೆ ಇಳಿಯುತ್ತಿದೆ ಅಂತ ಹೊಳೆದೇ ಇರಲಿಲ್ಲ. ಡ್ರೈವರ್ ಸೀಟಿನ ಗಾಜೇ ಜಾಸ್ತಿ ಇಳಿಸಿ ಏರಿಸೋದು, ಅದಕ್ಕೇ ಆ ಕಡೆ ಮೊದಲು ಹೋಗಿದೆ ಅನ್ನಿಸುತ್ತೆ.

ತ್ರಿಕೋನ ಗಾಜಿನ ರಬ್ಬರಿನಲ್ಲೂ ಕೆಳಮೂಲೆಯಲ್ಲಿ ಸಣ್ಣದಾಗಿ ಜಿನುಗುತ್ತೆ. ಅಂಥ ದೊಡ್ಡದಲ್ಲ.

ಹರಿಹರದ_ಫಿಟ್ಟರ್
ಸೋಮವಾರ, ರಾತ್ರಿ 10:05

ಹೊಂಗೆ ಹೂವು! ಬೇವಿನ ಎಲೆ, ಅಡಿಕೆ ಸಿಪ್ಪೆ, ಒಂದು ಸಲ ಇಲಿ ಗೂಡು ನೋಡಿದ್ದೆ. ಇದು ಹೊಸದು. ಚೆನ್ನಾಗಿ ಹುಡುಕಿದ್ದೀರಿ.

ತೂತು ಬಿಡಿಸೋಕೆ ಹಳೆಯ ಸೈಕಲ್ ಕಡ್ಡಿ ತಗೊಳ್ಳಿ. ತುದಿ ಸ್ವಲ್ಪ ಬಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಚುಚ್ಚಿ. ಆಮೇಲೆ ಮೇಲಿನಿಂದ ನೀರು ಬಿಟ್ಟು ತೊಳೆಯಿರಿ. ತಳ ಪೂರ್ತಿ ಒಣಗೋ ತನಕ, ಎರಡು ದಿನ ಆದರೂ, ಬಾಗಿಲು ಹಾಗೇ ಬಿಡಿ. ಒಣಗಿದ ಮೇಲೆ ಒಳಗಿನ ತಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಟಕ್ ಟಕ್ ಅಂತ ಬಡಿದು ಸದ್ದು ಕೇಳಿ. ಎಲ್ಲಾದರೂ ಸದ್ದು ಸತ್ತ ಹಾಗಿದ್ದರೆ ಅಲ್ಲಿ ತಗಡು ತಿಂದು ಹೋಗಿದೆ. ಟಿಂಕರಿಂಗ್ ಆಗದೆ ಮುಂದೆ ಹೋಗಬೇಡಿ.

ಟ್ರಾಕ್ಟರ್_ಹೊನ್ನಾಳಿ
ಮಂಗಳವಾರ, ಬೆಳಗ್ಗೆ 7:30

ತುಕ್ಕು ಹಿಡಿಯದ ಹಾಗೆ ಒಳಗೆ ಹಳೆ ಎಂಜಿನ್ ಆಯಿಲ್ ಬಳಿದು ಬಿಡಿ. ನಮ್ಮ ಟ್ರೈಲರಿಗೆ ನಾವು ಅದನ್ನೇ ಮಾಡೋದು.

ಕುಷನ್_ಕೆಲಸ
ಮಂಗಳವಾರ, ಬೆಳಗ್ಗೆ 9:15

ಬೇಡ ಅಣ್ಣ. ಟ್ರೈಲರಿಗೆ ನಡೆಯುತ್ತೆ, ಇಲ್ಲಿ ಬೇಡ. ಆಯಿಲ್ ಬೀಡಿಂಗ್ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತೆ. ಬೇಸಿಗೆಯಲ್ಲಿ ಕರಗಿ ಇಳಿದು ಪ್ಯಾಡಿಗೆ, ಅಲ್ಲಿಂದ ಹತ್ತಿದವರ ಬಟ್ಟೆಗೆ ಕಲೆ. ಆಯಿಲ್ ತಾಗಿದ ಕಡೆ ಮುಂದೆ ಯಾವ ಅಂಟೂ ಹಿಡಿಯಲ್ಲ, ಪ್ಲಾಸ್ಟಿಕ್ ಹಾಳೆ ಅಂಟಿಸೋದು ಹೇಗೆ?

ಹರಿಹರದ_ಫಿಟ್ಟರ್
ಮಂಗಳವಾರ, ಮಧ್ಯಾಹ್ನ 12:20

ಒಪ್ಪುತ್ತೇನೆ. ತಂತಿ ಬ್ರಷ್ಷಿನಿಂದ ಸಡಿಲ ತುಕ್ಕು ಉದುರಿಸಿ, ತುಕ್ಕು ಕೊಲ್ಲುವ ದ್ರಾವಣ ಹಚ್ಚಿ. ಅದರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತೆ, ಕೈಗೆ ಗ್ಲೌಸ್ ಇರಲಿ. ಅದು ಒಣಗಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ. ತಳದ ಮಡಿಕೆಗೆ ಮೇಣದ ಸ್ಪ್ರೇ ಹೊಡೆದರೆ ಇನ್ನೂ ಒಳ್ಳೆಯದು. ಏನೇ ಹಚ್ಚಿದರೂ ತೂತಿನಲ್ಲಿ ಬೆಂಕಿಕಡ್ಡಿ ಸಿಕ್ಕಿಸಿಡಿ, ಒಣಗಿದ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಬಿಡಿಸಿದ ತೂತನ್ನು ನಮ್ಮ ಕೈಯಾರೆ ಮುಚ್ಚಿದ ಹಾಗೆ.

ಪದ್ಮಿನಿ84_ದಾವಣಗೆರೆ
ಗುರುವಾರ, ರಾತ್ರಿ 8:50

ತಗಡು ಉಳಿದಿದೆ, ದೇವರು ದೊಡ್ಡವನು. ಡ್ರೈವರ್ ಕಡೆ ಒಂದು ಜಾಗದಲ್ಲಿ ಮಾತ್ರ ಬಟಾಣಿ ಗಾತ್ರದ ತೂತು, ಬೆಸುಗೆ ಹಾಕಿಸಿದೆ. ಪ್ರೈಮರ್ ಆಯಿತು. ಹಿಂದಿನ ಬಾಗಿಲು ಎರಡನ್ನೂ ಬಿಚ್ಚಿ ನೋಡಿದೆ. ಅಲ್ಲೂ ಹೂವು, ಆದರೆ ಒಂದು ಮುಷ್ಟಿ ಅಷ್ಟೇ.

ಈಗ ಹಲಗೆ ವಿಚಾರಕ್ಕೆ ಬರೋಣ. ಮಂಡಿಪೇಟೆ ಕಡೆ ವಿಚಾರಿಸಿದೆ. ಹಾರ್ಡ್‌ಬೋರ್ಡ್ ಇದೆ, ಪ್ಲೈವುಡ್ 4 ಮಿ.ಮೀ. ಇದೆ. ಯಾವುದು ತಗೊಳ್ಳಲಿ?

ಮರಗೆಲಸ_ದಾವಣಗೆರೆ
ಗುರುವಾರ, ರಾತ್ರಿ 9:25

ಪ್ಲೈವುಡ್ ತಗೊಳ್ಳಿ, ಆದರೆ ಮೇಲಿನ ಅಚ್ಚು ನೋಡಿ ತಗೊಳ್ಳಿ. ಐಎಸ್ 303 ಎಂಆರ್ ಅಂತಿದ್ದರೆ ಅದು ತೇವ ತಡೆಯುತ್ತೆ ಅಷ್ಟೇ, ನೀರು ತಡೆಯಲ್ಲ. ಐಎಸ್ 710 ಅಂತ ಇರಬೇಕು. ಅದು ಮರೈನ್ ಪ್ಲೈ, ಕುದಿಯುವ ನೀರಿಗೂ ಪದರ ಬಿಡದ ಅಂಟು. 8 ಅಡಿ 4 ಅಡಿಯ ಒಂದೇ ಶೀಟಿನಲ್ಲಿ ನಿಮ್ಮ ನಾಲ್ಕೂ ಬಾಗಿಲು ಬರುತ್ತೆ.

ಮರೈನ್ ಅಂದ ಮಾತ್ರಕ್ಕೆ ಹಾಗೇ ಹಾಕಬೇಡಿ. ಅಂಟು ಬಿಡದಿದ್ದರೂ ಮರ ನೀರು ಕುಡಿಯುತ್ತೆ. ಕೊಯ್ದ ಅಂಚು, ಕೊರೆದ ತೂತು, ಇಲ್ಲೇ ಜಾಸ್ತಿ ಕುಡಿಯೋದು. ಎಲ್ಲ ತೂತು ಕೊರೆದು, ಮರಳು ಕಾಗದ ಉಜ್ಜಿ ಮುಗಿಸಿದ ಮೇಲೆ ವಾರ್ನಿಶ್ ಹಚ್ಚಿ. ಎರಡೂ ಮುಖಕ್ಕೆ ಎರಡು ಕೈ, ಅಂಚಿಗೆ ಮೂರು ಕೈ. ಒಂದೇ ಮುಖಕ್ಕೆ ಹಚ್ಚಿದರೆ ಹಲಗೆ ಬಾಗುತ್ತೆ.

ಕುಷನ್_ಕೆಲಸ
ಗುರುವಾರ, ರಾತ್ರಿ 10:10

ಇವರು ಹೇಳಿದ್ದು ನೂರಕ್ಕೆ ನೂರು. ಒಂದೇ ತೊಡಕು ಅಂದರೆ, ಹಳೆಯ ಕ್ಲಿಪ್ಪುಗಳು 3 ಮಿ.ಮೀ. ಹಲಗೆಗೆ ಅಳತೆ ಮಾಡಿದವು. 4 ಮಿ.ಮೀ. ಹಾಕಿದರೆ ಕ್ಲಿಪ್ ತಗಡಿನೊಳಗೆ ಪೂರ್ತಿ ಹೋಗಲ್ಲ, ಒಂದು ವಾರಕ್ಕೆ ಟಪ್ ಅಂತ ಬಿಚ್ಚಿಕೊಳ್ಳುತ್ತೆ. ಕ್ಲಿಪ್ ಕೂರುವ ಜಾಗದಲ್ಲಿ ಮಾತ್ರ ಹಲಗೆಯ ಹಿಂಭಾಗವನ್ನು ಉಳಿಯಿಂದ ಒಂದು ಮಿ.ಮೀ. ಕೆತ್ತಿ ತಗ್ಗಿಸಿ, ಆಮೇಲೆ ವಾರ್ನಿಶ್. ತುಕ್ಕು ಹಿಡಿದ ಕ್ಲಿಪ್ ಒಂದೂ ವಾಪಸ್ ಹಾಕಬೇಡಿ.

ಅಚ್ಚು ತೆಗೆಯುವಾಗ ಉಬ್ಬಿದ ಹಲಗೆಯನ್ನು ನಂಬಬೇಡಿ. ಅದರ ಅಳತೆ ಹಿಗ್ಗಿರುತ್ತೆ. ರಟ್ಟನ್ನು ನೇರ ಬಾಗಿಲಿಗೇ ಇಟ್ಟು ಗೆರೆ ಹಾಕಿ. ಸುತ್ತಲೂ ರೆಗ್ಜಿನ್ ಮಡಿಕೆಗೆ ಎರಡು ಮಿ.ಮೀ. ಒಳಗೆ ಕೊಯ್ಯಿರಿ.

ತೂತಿನ ಜಾಗ ಗುರುತು ಮಾಡೋಕೆ ನಮ್ಮ ಅಂಗಡಿಯಲ್ಲಿ ಒಂದು ಉಪಾಯ ಇದೆ. ಕುಂಕುಮವನ್ನು ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಬಾಗಿಲಿನ ತಗಡಿನ ಪ್ರತಿ ತೂತಿನ ಬಾಯಿಗೆ ಬೆರಳಿನಿಂದ ಸುತ್ತ ಹಚ್ಚಿ. ರಟ್ಟನ್ನು ಸರಿಯಾಗಿ ಕೂರಿಸಿ ಅಂಗೈಯಿಂದ ಒತ್ತಿ ತೆಗೆದರೆ ಕೆಂಪು ಉಂಗುರ ಬಿದ್ದಿರುತ್ತೆ. ಅದರ ನಡುವಿಗೆ ಕೊರೆದರೆ ಕೂದಲೆಳೆ ವ್ಯತ್ಯಾಸ ಬರಲ್ಲ. ಆಮೇಲೆ ಎಣ್ಣೆ ಒರೆಸೋದು ಮಾತ್ರ ಮರೆಯಬೇಡಿ.

ದುರ್ಗದ_ಅಂಬಾಸಿಡರ್
ಶುಕ್ರವಾರ, ಬೆಳಗ್ಗೆ 8:00

ಕುಂಕುಮದ ಉಪಾಯ ಇವತ್ತೇ ಮಾಡ್ತೀನಿ ಅಣ್ಣ. ರೆಗ್ಜಿನ್ ಅಂಟಿಸೋಕೆ ಬಿಳಿ ಫೆವಿಕಾಲ್ ಆಗುತ್ತಾ? ಮನೆಯಲ್ಲಿ ಒಂದು ಡಬ್ಬಿ ಇದೆ.

ಕುಷನ್_ಕೆಲಸ
ಶುಕ್ರವಾರ, ಬೆಳಗ್ಗೆ 9:40

ಬೇಡ ಅಕ್ಕ. ಬಿಳಿಯದು ಮರಕ್ಕೆ ಮರ ಅಂಟಿಸೋಕೆ. ತೇವ ತಾಗಿದರೆ ಬಿಡುತ್ತೆ, ರೆಗ್ಜಿನ್ನಿಗೆ ಹಿಡಿಯೋದೂ ಅಷ್ಟಕ್ಕಷ್ಟೇ. ಹಳದಿ ರಬ್ಬರ್ ಅಂಟು ತಗೊಳ್ಳಿ, ಎಸ್‌ಆರ್ 998 ಅಂತ ಕೇಳಿದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಕೊಡುತ್ತಾರೆ. ಹಲಗೆಗೂ ರೆಗ್ಜಿನ್ನಿಗೂ ಎರಡಕ್ಕೂ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಡಿ. ಬೆರಳಿಟ್ಟರೆ ಅಂಟು ಅಂಟು ಅನ್ನಬೇಕು, ಬೆರಳಿಗೆ ಮೆತ್ತಬಾರದು. ಆಗ ಕೂಡಿಸಿ. ಒಂದು ಸಲ ಕೂಡಿತು ಅಂದರೆ ಎತ್ತೋಕೆ ಆಗಲ್ಲ, ಅದಕ್ಕೇ ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಕಿಟಕಿ ತೆಗೆದಿಡಿ, ವಾಸನೆ ತಲೆಗೆ ಹತ್ತುತ್ತೆ, ಹತ್ತಿರ ಬೆಂಕಿ ಇರಬಾರದು.

ಮೂಲೆಯಲ್ಲಿ ರೆಗ್ಜಿನ್ ಸುಕ್ಕಾದರೆ ಕೂದಲು ಒಣಗಿಸೋ ಡ್ರೈಯರ್ ಬಿಸಿ ಕೊಟ್ಟು ಎಳೆಯಿರಿ. ಜಾಸ್ತಿ ಬಿಗಿ ಬೇಡ. ತೆಳು ಹಲಗೆ ಬಿಲ್ಲಿನ ಹಾಗೆ ಬಾಗುತ್ತೆ. ಇನ್ನು ಸ್ಟೇಪ್ಲರ್ ಪಿನ್ ಹೊಡೆಯೋರು ಇದ್ದಾರೆ. 4 ಮಿ.ಮೀ. ಹಲಗೆಗೆ ಪಿನ್ನಿನ ಮೂತಿ ಆ ಕಡೆ ಬರುತ್ತೆ, ತುಕ್ಕೂ ಹಿಡಿಯುತ್ತೆ. ನಾನು ಅಂಟು ಮಾತ್ರ ನಂಬುತ್ತೇನೆ.

ಪದ್ಮಿನಿ ಸಾರ್, ಆ ಕಾಲದ ಕಂಪನಿ ಪ್ಯಾಡಿನ ಗೆರೆಗಳು ಸಾಮಾನ್ಯವಾಗಿ ಹೊಲಿಗೆಯಲ್ಲ, ಬಿಸಿ ಅಚ್ಚಿನಲ್ಲಿ ಒತ್ತಿದ್ದು. ನಮ್ಮ ಹತ್ತಿರ ಆ ಅಚ್ಚು ಇಲ್ಲ, ಹೊಲಿಗೆ ಹಾಕಿಯೇ ಗೆರೆ ತರಬೇಕು. ನಿಮ್ಮ ಹಳೆಯ ರೆಗ್ಜಿನ್ ಒಂದು ತುಂಡು ಇಟ್ಟುಕೊಂಡಿರಿ. ಗೆರೆಯಿಂದ ಗೆರೆಗೆ ಎಷ್ಟು ಅಂತರ ಅಂತ ಅದರಲ್ಲೇ ಅಳೆಯೋಣ.

ಪದ್ಮಿನಿ84_ದಾವಣಗೆರೆ
ಮುಂದಿನ ಭಾನುವಾರ, ಸಂಜೆ 6:30

ನಾಲ್ಕೂ ಆಯಿತು. ಹಲಗೆ ನಾನೇ ಕೊಯ್ದೆ, ರೆಗ್ಜಿನ್ ಹೊಲಿಸಿ ತಂದೆ. ಹೊರಗಿನ ಬೀಡಿಂಗ್ ಮುಂದಿನ ಎರಡಕ್ಕೆ ಹೊಸದು ಸಿಕ್ಕಿತು, ಹಿಂದಿನವಕ್ಕೆ ಇನ್ನೂ ಹುಡುಕುತ್ತಿದ್ದೇನೆ. ತ್ರಿಕೋನ ಗಾಜಿನ ರಬ್ಬರಿನ ಮೂಲೆಗೆ ಕಪ್ಪು ಸೀಲೆಂಟ್ ಹಾಕಿದೆ.

ಪ್ಲಾಸ್ಟಿಕ್ ಹಾಳೆ ಮಾತ್ರ ಎರಡು ಸಲ ಹಾಕಬೇಕಾಯಿತು. 200 ಮೈಕ್ರಾನ್ ದಪ್ಪದ್ದು ತಂದು, ಬ್ಯೂಟೈಲ್ ಟೇಪಿನಲ್ಲಿ (ನೀರು ತಡೆಯುವ ಮೆತ್ತನೆಯ ರಬ್ಬರ್ ಅಂಟು ಪಟ್ಟಿ) ಸುತ್ತಲೂ ನೀಟಾಗಿ ಅಂಟಿಸಿ ಫೋಟೋ ಕಳಿಸಿದೆ. ಫಿಟ್ಟರ್ ಸಾರ್ ನೋಡಿ ಫೋನ್ ಮಾಡಿದರು. ಕೆಳಗಿನ ಅಂಚನ್ನು ತಗಡಿನ ಮುಂದೆ ಅಂಟಿಸಿದ್ದೀರಿ, ಅದನ್ನು ಕೆಳಗಿನ ಕಿಂಡಿಯೊಳಗೆ ತೂರಿಸಬೇಕು ಅಂದರು. ಹಂಚು ಹೊದಿಸಿದ ಹಾಗೆ. ಮೇಲಿನಿಂದ ಹಾಳೆ ಗುಂಟ ಇಳಿದ ನೀರು ಬಾಗಿಲಿನ ಹೊಟ್ಟೆಗೇ ಬೀಳಬೇಕು. ಮುಂದೆ ಅಂಟಿಸಿದರೆ ಅದೇ ನೀರು ನೇರ ಹಲಗೆಯ ಬುಡಕ್ಕೆ ಬರುತ್ತೆ. ಬಿಚ್ಚಿ, ಕೆಳಗೆ ನಾಲ್ಕು ಬೆರಳು ಉದ್ದ ಬಿಟ್ಟು, ಒಳಗೆ ತೂರಿಸಿದೆ. ಫಿಟ್ಟರ್ ಸಾರ್, ಆ ಒಂದು ಫೋನಿಗೆ ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಜೀಪು_ತೀರ್ಥಹಳ್ಳಿ
ಭಾನುವಾರ, ಸಂಜೆ 7:15

ಫೋಟೋ ನೋಡಿದೆ ಅಣ್ಣ, ಕಂದು ಬಣ್ಣ ತುಂಬಾ ಚೆನ್ನಾಗಿ ಕೂತಿದೆ. ನನ್ನ ಜೀಪಿನ ಬಾಗಿಲಿಗೂ ಹಾಳೆ ಇಲ್ಲ. ಈ ವಾರ ಹಾಕ್ತೀನಿ.

ಪದ್ಮಿನಿ84_ದಾವಣಗೆರೆ
ಜೂನ್, ಶನಿವಾರ, ರಾತ್ರಿ 10:20

ಈ ಎಳೆಯನ್ನು ಮತ್ತೆ ತೆರೆಯುತ್ತಿದ್ದೇನೆ. ಮೃಗಶಿರಾ ಮಳೆ ನಿನ್ನೆ ರಾತ್ರಿ ಚೆನ್ನಾಗಿ ಹೊಡೆಯಿತು. ಸುಮಾರು ಎರಡು ಗಂಟೆ ಬಿಡದೆ ಸುರಿಯಿತು. ನಿದ್ದೆ ಬರಲಿಲ್ಲ. ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಹೊರಗೆ ಹೋದೆ. ಬೀದಿ ಎಲ್ಲ ಸುಮ್ನಾಗಿತ್ತು. ಬಗ್ಗಿ ನೋಡಿದರೆ ನಾಲ್ಕೂ ಬಾಗಿಲಿನ ತಳದಿಂದ ಹನಿ ಬೀಳುತ್ತಿತ್ತು, ತೊಟ್, ತೊಟ್ ಅಂತ. ಎಷ್ಟೋ ಹೊತ್ತು ಅಲ್ಲೇ ಕೂತು ಕೇಳಿದೆ.

ಬೆಳಗ್ಗೆ ಡ್ರೈವರ್ ಕಡೆಯ ಕೆಳಗಿನ ಎರಡು ಕ್ಲಿಪ್ ಬಿಡಿಸಿ ಹಲಗೆಯ ಹಿಂದೆ ಕೈ ತೂರಿಸಿದೆ. ಒಣಗಿತ್ತು. ಹಾಳೆಯ ಆ ಕಡೆ ಮುಟ್ಟಿದರೆ ತಣ್ಣಗೆ ಒದ್ದೆ, ಈ ಕಡೆ ಒಣ.

ಗಾಡಿ ಈಗಲೂ ಹೊಂಗೆ ಮರದ ಕೆಳಗೇ ನಿಲ್ಲುತ್ತೆ. ಹೂವು ಉದುರುವ ದಿನಗಳಲ್ಲಿ ಗಾಜಿನ ಬುಡಕ್ಕೆ ಹಳೆಯ ಪಂಚೆ ಹೊದಿಸುತ್ತೇನೆ. ಮಳೆಗಾಲ ಹಿಡಿಯೋ ಮುಂಚೆ ಸೈಕಲ್ ಕಡ್ಡಿ ತಗೊಂಡು ತೂತು ಚುಚ್ಚುತ್ತೇನೆ. ಈ ಸಲ ನಾಲ್ಕೂ ಬಾಗಿಲು ಸೇರಿ ಹತ್ತು ಹನ್ನೆರಡು ಹೂವು ಸಿಕ್ಕವು.

ದುರ್ಗದ_ಅಂಬಾಸಿಡರ್
ಜೂನ್, ಭಾನುವಾರ, ಬೆಳಗ್ಗೆ 7:50

ಓದಿ ತುಂಬಾ ಖುಷಿ ಆಯಿತು ಅಣ್ಣ. ನಮ್ಮ ಅಂಬಾಸಿಡರಿನ ಹಿಂದಿನ ಎರಡು ಬಾಗಿಲು ಮುಗಿದವು, ಮುಂದಿನದು ಈ ತಿಂಗಳು. ಪದ್ಮಿನಿ ಇರುವ ನನ್ನ ಗೆಳತಿಯೊಬ್ಬಳು ಕೇಳುತ್ತಿದ್ದಾಳೆ. ನೀವು ಮಾಡಿದ ರಟ್ಟಿನ ಅಚ್ಚು ಇನ್ನೂ ಇದೆಯಾ?

ಪದ್ಮಿನಿ84_ದಾವಣಗೆರೆ
ಜೂನ್, ಭಾನುವಾರ, ಬೆಳಗ್ಗೆ 8:30

ಇದೆ ಅಕ್ಕ. ನಾಲ್ಕನ್ನೂ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ, ಬೇಕಾದವರು ಒಯ್ದು ವಾಪಸ್ ಕೊಡಲಿ. ಆದರೆ ಹೊರಗಿನ ಆಕಾರಕ್ಕೆ ಮಾತ್ರ ಅದನ್ನು ಬಳಸಲಿ. ಕ್ಲಿಪ್ ತೂತು ಅವರ ಗಾಡಿಗೇ ಕುಂಕುಮ ಹಚ್ಚಿ ತೆಗೆಯಲಿ. ನನ್ನ ಗಾಡಿಯಲ್ಲೇ ಬಲಗಡೆಯ ಅಚ್ಚು ತಿರುಗಿಸಿ ಎಡಗಡೆಗೆ ಇಟ್ಟರೆ ಮೂರು ತೂತು ಕೂರಲಿಲ್ಲ. ಹಿಂದೆ ಯಾವಾಗಲೋ ಆ ಬಾಗಿಲಿಗೆ ಕೆಲಸ ಆಗಿದೆ. ಹಿಂದಿನ ಬಾಗಿಲ ಬೀಡಿಂಗ್ ದುರ್ಗದ ಕಡೆ ಎಲ್ಲಾದರೂ ಕಂಡರೆ ನನಗೂ ಒಂದು ಜೊತೆ ತೆಗೆದಿಡಿ.